ಗಡಸು ಸ್ಪ್ರಿಂಗಿನ ಪ್ರತಿಷ್ಠೆ

ಸ್ಪೋರ್ಟ್ಸ್ ಕಾರು ಅಂದಮೇಲೆ ಸ್ಪ್ರಿಂಗ್ ಗಡಸಾಗಿಯೇ ಇರಬೇಕು, ಹಂಪ್ ದಾಟಿದ್ದು ಮೊದಲು ಬೆನ್ನುಮೂಳೆಗೆ ಗೊತ್ತಾಗಬೇಕು ಎಂಬ ನಂಬಿಕೆ ಈಗ ಎಷ್ಟು ಗಟ್ಟಿಯಾಗಿದೆಯೆಂದರೆ, ಎರಡು ಕಾರುಗಳನ್ನು ಪಕ್ಕಪಕ್ಕ ಇಟ್ಟು ನೋಡುವವರ ಕಣ್ಣು ನೇರ ಒಂದು ಅಂಕಿಗೆ ಹೋಗುತ್ತದೆ: ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಅದುಮಲು ಎಷ್ಟು ನ್ಯೂಟನ್ ಬಲ ಬೇಕು? 25 ಇದ್ದರೆ ಸಂಸಾರಸ್ಥರ ಗಾಡಿ, 60 ಇದ್ದರೆ ರೇಸಿನದು. ಇಷ್ಟು ಸಲೀಸಾದ ಈ ತೀರ್ಪನ್ನು ಸ್ಪೋರ್ಟ್ಸ್ ಕಾರಿನ ಇತಿಹಾಸ ಒಪ್ಪುವುದಿಲ್ಲ. ಗಡಸುತನ ಈ ಕಾರುಗಳ ಹುಟ್ಟುಗುಣವಲ್ಲ. ಅದು ಎರಡು ಸಲ, ಎರಡು ಬೇರೆ ಬೇರೆ ಇಕ್ಕಟ್ಟುಗಳಿಂದಾಗಿ ಅವುಗಳ ತಲೆಗೆ ಬಂತು. ಆ ಎರಡರ ನಡುವಿನ ಸುಮಾರು ನಾಲ್ಕು ದಶಕಗಳಲ್ಲಿ ರಸ್ತೆಯನ್ನು ಚೆನ್ನಾಗಿ ಹಿಡಿದು ಹೆಸರು ಮಾಡಿದ ಕಾರುಗಳಲ್ಲಿ ಕೆಲವು ಮೆದು ಸ್ಪ್ರಿಂಗಿನವೇ ಆಗಿದ್ದವು.

ಮೊದಲ ಇಕ್ಕಟ್ಟು ಚಾಸಿಯದು. 1920ರ ದಶಕದ ಬೆಂಟ್ಲಿ, ಬುಗಾಟಿಗಳಿಗೆ ಮುಂದೆಯೂ ಹಿಂದೆಯೂ ಇಡೀ ಅಗಲಕ್ಕೆ ಒಂದೇ ಆಕ್ಸಲ್, ಅದನ್ನು ಹಿಡಿದಿಡಲು ಕಮಾನು ಪಟ್ಟಿಗಳು. ಪಟ್ಟಿ ಭಾರವನ್ನೂ ಹೊರಬೇಕು, ಆಕ್ಸಲ್ಲನ್ನು ಅದರ ಜಾಗ ಬಿಟ್ಟು ಕದಲದಂತೆಯೂ ನೋಡಿಕೊಳ್ಳಬೇಕು. ಅದನ್ನು ಮೆದು ಮಾಡಿದರೆ ಬ್ರೇಕ್ ಒತ್ತಿದಾಗ ಹಾವಿನಂತೆ ತಿರುಚಿಕೊಳ್ಳುತ್ತಿತ್ತು; ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದೂ ಓಲಿ, ಸ್ಟೀರಿಂಗ್ ಚಾಲಕನ ಕೈಯಲ್ಲಿ ಗಡಗಡ ನಡುಗುತ್ತಿತ್ತು. ಹಾಗಾಗಿ ಪಟ್ಟಿಯನ್ನು ಬಿಗಿ ಮಾಡಿ, ಚಕ್ರ ಹೆಚ್ಚು ಮೇಲೆ ಕೆಳಗೆ ಹೋಗದಂತೆ ಕಟ್ಟಿಹಾಕಿದರು. ಇಷ್ಟು ಬಿಗಿ ಮಾಡಿದ್ದಕ್ಕೆ ಏಣಿಯಂಥ ಚಾಸಿ ತಾನೇ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡತೊಡಗಿತು, ಅದೂ ಶಾಕ್ ಅಬ್ಸಾರ್ಬರಿನ ಅಂಕೆಯಿಲ್ಲದ ಸ್ಪ್ರಿಂಗಿನ ಕೆಲಸ. ಚಾಲಕರು ಮಾತ್ರ ಆ ಕುಲುಕಾಟವನ್ನೇ ಗಂಡಸುತನವೆಂದು ಹೊಗಳಿಕೊಂಡರು.

ಈ ಕಟ್ಟು ಬಿಚ್ಚಿದ್ದು ಐಷಾರಾಮಿ ಕಾರುಗಳ ಕಡೆಯಿಂದ ಎಂಬುದು ಸ್ವಾರಸ್ಯದ ಸಂಗತಿ. ರೋಲ್ಸ್ ರಾಯ್ಸ್ ಬಿಟ್ಟು 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ ಮಾರಿಸ್ ಓಲಿ, ಏಳು ಜನ ಕೂರುವ ಲಿಮೋಸಿನ್ನಿನ ಹಿಂದೆ ಮುಂದೆ ಜರುಗಿಸಬಹುದಾದ ತೂಕಗಳನ್ನು ಹೇರಿ, ಸ್ಪ್ರಿಂಗುಗಳನ್ನು ಬದಲಿಸುತ್ತ ಪರೀಕ್ಷೆ ನಡೆಸಿದ. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆದುವಾಗಿದ್ದರೆ ಕಾರು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುವುದು ನಿಂತು ಮಟ್ಟಸವಾಗಿ ಸಾಗುತ್ತದೆ ಎಂದು ಕಂಡುಕೊಂಡ. ಅಡ್ಡ ಆಕ್ಸಲ್ ಇರುವವರೆಗೆ ಮುಂದೆ ಅಷ್ಟು ಮೆದು ಸ್ಪ್ರಿಂಗ್ ಹಾಕುವುದು ಅಪಾಯ. ಅದಕ್ಕೇ 1934ರ ಜನರಲ್ ಮೋಟರ್ಸ್ ಕಾರುಗಳಲ್ಲಿ ಮುಂದಿನ ಎರಡು ಚಕ್ರಗಳನ್ನು ಒಂದಕ್ಕೊಂದು ಅಂಟದಂತೆ ಬೇರೆ ಬೇರೆ ತೂಗುಹಾಕಲಾಯಿತು. ರೇಸಿಗೆ ಈ ಪಾಠ ಪೂರ್ತಿ ಇಳಿದದ್ದು ಜರ್ಮನಿಯಲ್ಲಿ. 1936ರಲ್ಲಿ ಮರ್ಸಿಡಿಸ್ ತಂಡ ಆಟೋ ಯೂನಿಯನ್ ಎದುರು ಸೋತು ಸುಣ್ಣವಾಗಿತ್ತು. ರುಡಾಲ್ಫ್ ಉಲೆನ್‌ಹೌಟ್ ಎಂಬ ಎಂಜಿನಿಯರ್ ಸ್ವತಃ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಕಾರು ಓಡಿಸಿ ರೋಗ ಪತ್ತೆಮಾಡಿದ: ಸ್ಪ್ರಿಂಗ್ ಗಡಸು, ಚೌಕಟ್ಟು ಸಡಿಲ. ಅವನ 1937ರ ಡಬ್ಲ್ಯು 125 ಇದನ್ನು ತಲೆಕೆಳಗು ಮಾಡಿತು. ಅಂಡಾಕಾರದ ಕೊಳವೆಗಳ ಬಿಗಿಯಾದ ಚೌಕಟ್ಟು, ಅದಕ್ಕೆ ಹೆಚ್ಚು ದೂರ ಮೇಲೆ ಕೆಳಗೆ ಚಲಿಸುವ ಮೆದು ಸ್ಪ್ರಿಂಗು, ಹೈಡ್ರಾಲಿಕ್ ಡ್ಯಾಂಪರು, ಅಂದರೆ ಶಾಕ್ ಅಬ್ಸಾರ್ಬರು. ಆ ವರ್ಷದ ಯುರೋಪಿಯನ್ ಚಾಂಪಿಯನ್‌ಷಿಪ್ ಅದನ್ನು ಓಡಿಸಿದ ಕಾರಾಚಿಯೋಲನ ಪಾಲಾಯಿತು. ಸುಮಾರು 600 ಅಶ್ವಶಕ್ತಿಯ ಕಾರಿಗೆ ಮೆದುತನ ಶೋಭಿಸದು ಎನ್ನುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಮೆದು ಎಂದರೆ ಎಷ್ಟು ಮೆದು ಎಂಬಲ್ಲಿ ಅಂಕಿಗಳ ಹೋಲಿಕೆ ಎಡವುತ್ತದೆ. ಸ್ಪ್ರಿಂಗಿನ ಮೇಲೆ ಬರೆದ ಸಂಖ್ಯೆ ಚಕ್ರಕ್ಕೆ ತಲುಪುವ ಸಂಖ್ಯೆಯಲ್ಲ. ಸ್ಪ್ರಿಂಗ್ ತೋಳಿನ ನಡುವೆ ಎಲ್ಲೋ ಕೂತಿದ್ದು, ಚಕ್ರ 10 ಮಿಲಿಮೀಟರ್ ಏರಿದಾಗ ತಾನು 7 ಮಾತ್ರ ಅದುಮಿಕೊಂಡರೆ, ಆ 0.7ರ ವರ್ಗದಷ್ಟು, ಅಂದರೆ ಹೆಚ್ಚುಕಡಿಮೆ ಅರ್ಧ ಗಡಸುತನವಷ್ಟೇ ಚಕ್ರಕ್ಕೆ ಸಿಗುತ್ತದೆ. ತೂಕದ ಲೆಕ್ಕ ಬೇರೆ. ಒಂದು ಮೂಲೆಯಲ್ಲಿ 150 ಕೆ.ಜಿ. ಕೂತ ಹಗುರ ಕಾರು ಸೆಕೆಂಡಿಗೆ ಒಂದೂವರೆ ಸಲ ತೂಗಬೇಕಾದರೆ ಚಕ್ರದ ಬಳಿ ಮಿಲಿಮೀಟರಿಗೆ 13 ನ್ಯೂಟನ್ ಸಾಕು; 350 ಕೆ.ಜಿ. ಕೂತ ಭಾರದ ಕಾರಿಗೆ ಅದೇ ತೂಗಾಟಕ್ಕೆ 31 ಬೇಕು. ಎರಡರ ಗಡಸುತನವೂ ಮೈಗೆ ಒಂದೇ. ಪೋರ್ಷೆ 911 ಅಂತೂ 1963ರಿಂದ ಕಾಲು ಶತಮಾನ ಸುರುಳಿ ಸ್ಪ್ರಿಂಗನ್ನೇ ಬಳಸದೆ ತಿರುಚುವ ಕಂಬಿಗಳ ಮೇಲೆ ಓಡಿತು. ಅದರ ಗಡಸುತನವನ್ನು ಕಂಬಿಯ ದಪ್ಪದಿಂದ ಹೇಳುತ್ತಿದ್ದರು. ದಪ್ಪದ ಮಾತು ಬಂದಾಗ ಸುರುಳಿಯ ತಂತಿಯನ್ನೂ ನೋಡಬೇಕು. 10 ಮಿಲಿಮೀಟರ್ ತಂತಿಯನ್ನು 11 ಮಾಡಿದರೆ, ಉಳಿದ ಅಳತೆ ಹಾಗೇ ಇದ್ದರೂ ಗಡಸುತನ ಶೇ. 46ರಷ್ಟು ಏರುತ್ತದೆ, ಏಕೆಂದರೆ ಅದು ದಪ್ಪದ ನಾಲ್ಕನೆಯ ಘಾತದಂತೆ ಬೆಳೆಯುತ್ತದೆ. ಕಾರು ತಗ್ಗಲೆಂದು ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುವವರು ಅದನ್ನು ಗಡಸೂ ಮಾಡಿರುತ್ತಾರೆ, ತಮಗೆ ತಿಳಿಯದೆಯೇ.

ಕಾಲಿನ್ ಚಾಪ್ಮನ್ನನ ಲೋಟಸ್ ಎಲಾನ್ ಈ ಲೆಕ್ಕಗಳ ಜೀವಂತ ಉದಾಹರಣೆ. 1962ರಲ್ಲಿ ಬಂದ ಈ ಪುಟ್ಟ ಕಾರಿಗೆ ಉಕ್ಕಿನ ಬೆನ್ನೆಲುಬಿನ ಚಾಸಿ, ಫೈಬರ್‌ಗ್ಲಾಸ್ ಮೈ, ಆಶ್ಚರ್ಯವಾಗುವಷ್ಟು ಮೆದು ಸ್ಪ್ರಿಂಗು, ಅದನ್ನು ಹತೋಟಿಯಲ್ಲಿಡಲು ಚೆನ್ನಾಗಿ ಹೊಂದಿಸಿದ ಡ್ಯಾಂಪರು. ಮೆದು ಕಾರು ತಿರುವಿನಲ್ಲಿ ವಾಲುತ್ತದಲ್ಲ, ವಾಲಿದರೆ ಹಿಡಿತ ತಪ್ಪುತ್ತದಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ವಾಲುವುದು ನಿಜ. ಆದರೆ ಒಳಚಕ್ರದಿಂದ ಹೊರಚಕ್ರಕ್ಕೆ ಒಟ್ಟು ಎಷ್ಟು ಭಾರ ದಾಟುತ್ತದೆ ಎಂಬುದು ಬಹುಪಾಲು ಕಾರಿನ ಎತ್ತರ, ಅಗಲ, ತಿರುವಿನ ವೇಗಗಳ ವ್ಯವಹಾರ. ಅದು ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಹಂಚುವುದಷ್ಟೇ ಸ್ಪ್ರಿಂಗಿನ ಕೆಲಸ. ವಾಲಿದಾಗ ಚಕ್ರ ನೆಲಕ್ಕೆ ಓರೆಯಾಗುವುದು, ಸ್ಟೀರಿಂಗ್ ತಿರುಗಿಸಿದ್ದಕ್ಕೆ ಕಾರು ಅರೆಕ್ಷಣ ತಡವಾಗಿ ಓಗೊಡುವುದು, ಇವನ್ನು ಅಲ್ಲಗಳೆಯಲಾಗದು. ಭಾರದ, ಎತ್ತರದ ಕಾರಿನಲ್ಲಿ ಇವು ದೊಡ್ಡ ದೋಷಗಳೇ. ಹಗುರಾಗಿ, ನೆಲಕ್ಕೆ ಹತ್ತಿರವಾಗಿದ್ದ ಎಲಾನ್ ಅವನ್ನು ಚಿಕ್ಕದು ಮಾಡಿಕೊಂಡು, ಒರಟು ರಸ್ತೆಯಲ್ಲೂ ಟೈರನ್ನು ನೆಲಕ್ಕೆ ಅಂಟಿಸಿಡುವ ಲಾಭ ಪಡೆಯಿತು.

ಎರಡನೆಯ ಇಕ್ಕಟ್ಟು ಗಾಳಿಯದು, ಅದನ್ನು ತಂದವನೂ ಚಾಪ್ಮನ್ನನೇ. 1977ರ ಲೋಟಸ್ 78, ಮರುವರ್ಷ ಮಾರಿಯೊ ಆಂಡ್ರೆಟಿಗೆ ವಿಶ್ವ ಚಾಂಪಿಯನ್ ಪಟ್ಟ ತಂದ ಲೋಟಸ್ 79, ಕಾರಿನ ಅಡಿಯ ಗಾಳಿಯಿಂದಲೇ ತಮ್ಮನ್ನು ನೆಲಕ್ಕೆ ಹೀರಿಸಿಕೊಳ್ಳುತ್ತಿದ್ದವು. ಅಡಿಯ ಸಂದು ಕೆಲವೇ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಹೀರುವ ಬಲ ಏರುಪೇರಾಗುತ್ತಿತ್ತು. ಕಾರು ತಗ್ಗಿ, ಎದ್ದು, ಮತ್ತೆ ತಗ್ಗಿ ಕುಪ್ಪಳಿಸತೊಡಗುತ್ತಿತ್ತು. ಎತ್ತರ ಬದಲಾಗಕೂಡದೆಂದರೆ ಸ್ಪ್ರಿಂಗ್ ಕದಲಕೂಡದು. ಹೀಗೆ ಸೆಕೆಂಡಿಗೆ ಒಂದೆರಡು ಸಲ ತೂಗುತ್ತಿದ್ದ ರೇಸ್ ಕಾರುಗಳು ಮೂರು, ನಾಲ್ಕು, ಐದು ಸಲ ತೂಗುವಷ್ಟು ಬಿರುಸಾದವು. ಇಂದಿನ ರಸ್ತೆ ಕಾರುಗಳೂ ಗಡಸಾಗಿಯೇ ವೇಗವಾಗಿವೆಯಲ್ಲ ಎನ್ನಬಹುದು. ಅವುಗಳ ವೇಗದಲ್ಲಿ ಅಗಲ ಟೈರು, ಬಿಗಿ ದೇಹ, ನುಣುಪು ರೇಸ್ ಟ್ರ್ಯಾಕ್‌ಗಳ ಪಾಲು ದೊಡ್ಡದು. ತೂಕ ಏರಿದ ಮೇಲೆ ಸ್ಪ್ರಿಂಗಿನ ಅಂಕಿಯೂ ಏರಲೇಬೇಕಿತ್ತು. ಉಳಿದ ಗಡಸುತನದಲ್ಲಿ ಸ್ವಲ್ಪ ರೇಸಿನ ವೇಷವೂ ಇದೆ ಎಂಬುದು ನನ್ನ ಗುಮಾನಿ.

ಗಾಳಿಗೆ ಬೇಕಾದದ್ದು ಚಾಲಕನಿಗೆ ಬೇಡದ್ದು ಎಂಬುದು ಚಾಪ್ಮನ್ನನಿಗೆ ಗೊತ್ತಿತ್ತು. 1981ರ ಲೋಟಸ್ 88ಕ್ಕೆ ಅವನು ಒಂದರೊಳಗೊಂದು ಎರಡು ಚಾಸಿ ಇಟ್ಟ. ಗಾಳಿಯ ಒತ್ತಡ ಹೊರುವ ಹೊರಗಿನದಕ್ಕೆ ಕಲ್ಲಿನಂಥ ಸ್ಪ್ರಿಂಗು. ಚಾಲಕನೂ ಎಂಜಿನ್ನೂ ಕೂತ ಒಳಗಿನದಕ್ಕೆ ಮೆದು ಸ್ಪ್ರಿಂಗು. ಎದುರಾಳಿ ತಂಡಗಳು ದೂರು ಕೊಟ್ಟವು, ಅಧಿಕಾರಿಗಳು ನಿಷೇಧಿಸಿದರು. ಅಭ್ಯಾಸಕ್ಕೆ ಟ್ರ್ಯಾಕಿಗಿಳಿದ ಆ ಕಾರು ಒಂದೇ ಒಂದು ಗ್ರ್ಯಾಂಡ್ ಪ್ರಿಯಲ್ಲೂ ಸ್ಪರ್ಧಿಸದೆ ಷೆಡ್ ಸೇರಿತು.