ಹಚ್ಚಿದ ಅಗಿ ಹಳದಿಯಾದರೆ ತಾಯಿಕಬ್ಬನ್ನೂ ಕೇಳಬೇಕು

ಜಮಖಂಡಿ ತಾಲೂಕಿನ ಕೃಷ್ಣಾ ದಂಡೆಯ ಒಂದು ಹೊಲಕ್ಕೆ ನಾವು ಹೋದಾಗ ಕಬ್ಬಿನ ಅಗಿ ಹಚ್ಚಿ ಹದಿನೈದು ದಿನ ಆಗಿತ್ತು. ಮೂರರಲ್ಲಿ ಒಂದು ಅಗಿ ಹಳದಿ. "ಟ್ರೇದಾಗ ಇದ್ದಾಗ ಚಲೋನ ಇದ್ದೂರಿ. ಹೊಲಕ್ಕ ಬಂದ ಮ್ಯಾಲೆ ಹಿಂಗಾದ್ವು" ಅಂದರು ಆ ಕಾಕಾ. ಗಾಬರಿಯಾಗಿ ಎರಡು ಸಲ ಯೂರಿಯಾ ಹಾಕಿದ್ದರು, ದಿನ ಬಿಟ್ಟು ದಿನ ನೀರು ಬಿಟ್ಟಿದ್ದರು. ಅಗಿ ಇನ್ನಷ್ಟು ಸೊರಗಿದ್ದವು.

ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯೂ ಇಂಥ ಮಾತು ನಮಗೆ ಕೇಳಿಬರುತ್ತದೆ. ಅಗಿಗೆ ಏನಾಗಿದೆ ಎಂದು ತಿಳಿಯಲು ಅದು ಎಲ್ಲಿಂದ ಬಂತು ಅನ್ನೋದನ್ನೂ ನೋಡಬೇಕು. ಆ ಕಥೆ ನೂರು ವರ್ಷಕ್ಕೂ ಹಳೆಯದು.

ನಾವು 'ಬೀಜದ ಕಬ್ಬು' ಅನ್ನುತ್ತೇವೆ. ಆದರೆ ಅದು ಜೋಳದಂಥ ಬೀಜ ಅಲ್ಲ, ತಾಯಿಕಬ್ಬಿನ ಒಂದು ತುಂಡು. ಗಣಿಕೆಯ ಕಣ್ಣಿನಿಂದ ಬರುವ ಮರಿ ತಾಯಿಯ ಪಡಿಯಚ್ಚು. ಇದಕ್ಕೇ ಕ್ಲೋನ್ ಅನ್ನುತ್ತಾರೆ. ತಾಯಿಯ ಸಿಹಿ, ಇಳುವರಿ ಮರಿಗೆ ಬರುತ್ತವೆ. ತಾಯಿಯ ಮೈಯೊಳಗಿನ ರೋಗವೂ ಬರುತ್ತದೆ.

ಈ ಪಾಠವನ್ನು ಮೊದಲು ದುಬಾರಿ ಬೆಲೆ ಕೊಟ್ಟು ಕಲಿತವರು ಜಾವಾ ದ್ವೀಪದ ಬೆಳೆಗಾರರು. 1880ರ ದಶಕದಲ್ಲಿ ಅಲ್ಲಿ 'ಸೆರೆ' ಎಂಬ ರೋಗ ಬಂತು. ಕಬ್ಬು ಎತ್ತರಕ್ಕೆ ಬೆಳೆಯದೆ ಹುಲ್ಲಿನ ಬುಡದ ಹಾಗೆ ಗಿಡ್ಡಾಗಿ ಕೂತುಬಿಡುತ್ತಿತ್ತು. ಗೊಬ್ಬರ, ನೀರು ಯಾವುದಕ್ಕೂ ಬಗ್ಗಲಿಲ್ಲ. ಆಗ ಅವರು ಬೆಟ್ಟದ ಮೇಲೆ ಬೇರೆಯೇ ಬೀಜದ ತೋಟ ಮಾಡಿ, ಅಲ್ಲಿನ ತುಂಡು ತಂದು ಹಚ್ಚಿದರು. ಮುಂದೆ ತುಂಡನ್ನು ಬಿಸಿನೀರಿನಲ್ಲಿ ಇಟ್ಟು ರೋಗ ಕಳೆಯುವುದನ್ನೂ ಕಂಡುಕೊಂಡರು. ಅದೇ ದಶಕದ ಕೊನೆಗೆ ಜಾವಾ ಮತ್ತು ಬಾರ್ಬಡೋಸ್‌ನಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು: ಕಬ್ಬಿನ ಹೂವಿನಿಂದಲೂ ಸಸಿ ಹುಟ್ಟುತ್ತದೆ. ಅಂದರೆ ಹೊಸ ತಳಿ ಕಟ್ಟಬಹುದು. 1921ರಲ್ಲಿ ಕಾಡುಕಬ್ಬಿನ ರಕ್ತ ಬೆರೆಸಿ ಜಾವಾದವರು ಕಟ್ಟಿದ ಪಿಒಜೆ 2878 ತಳಿ ಆ ದ್ವೀಪವನ್ನೇ ತುಂಬಿತು.

ನಮ್ಮ ದೇಶದಲ್ಲಿ ಈ ಕೆಲಸ ಶುರುವಾದದ್ದು 1912ರಲ್ಲಿ, ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ. ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಕೂಡಿ ನಾಡಕಬ್ಬಿಗೆ ಕಾಡುಕಬ್ಬು ಬೆರೆಸಿ 'ಕೊ 205' ಕಟ್ಟಿದರು. 'ಕೊ' ಅಂದರೆ ಕೊಯಮತ್ತೂರು. ಮುಂದೆ ದಕ್ಷಿಣದಲ್ಲಿ ದಶಕಗಟ್ಟಲೆ ಮೆರೆದ 'ಕೊ 419'ಕ್ಕೆ ಜಾವಾದ ಆ 2878 ಒಂದು ಕಡೆಯ ಪಾಲಕ. ಇವತ್ತು ನಮ್ಮ ಭಾಗದಲ್ಲಿ ಮನೆಮಾತಾದ '86032' ಕೂಡ ಕೊಯಮತ್ತೂರಿನದೇ. 86 ಅಂದರೆ 1986ರ ಸಾಲಿನದು. ರೈತರಿಗೆ ಬಿಡುಗಡೆಯಾದದ್ದು 2000ರಲ್ಲಿ.

ಇತ್ತ ನಮ್ಮ ನೆಲಕ್ಕೆ ನೀರು ಬಂದದ್ದು ಹಂತ ಹಂತವಾಗಿ. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಬಿದ್ದದ್ದು 1897ರಲ್ಲಿ, ಹಿಡಕಲ್ ಆಣೆಕಟ್ಟು ಮುಗಿದದ್ದು 1977ರಲ್ಲಿ. ಜಮಖಂಡಿ ಕಡೆಯ ರೈತರು ಸರಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ರೊಕ್ಕ ಹಾಕಿ, ಮೈಮುರಿದು ದುಡಿದು ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿದ್ದು 1989ರಲ್ಲಿ. ಅದಕ್ಕೇ ಅದರ ಹೆಸರು ಶ್ರಮಬಿಂದು ಸಾಗರ. ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಕಾರ್ಖಾನೆ ಬಂದವು. ನೀರು ಹೆಚ್ಚಾದ ಕಡೆ ಸವಳು-ಜವಳೂ ಬಂತು.

ಹಚ್ಚುವ ರೀತಿಯೂ ಬದಲಾಯಿತು. ಮೊದಲು ಮೂರು ಕಣ್ಣಿನ ತುಂಡನ್ನು ಹಸಿ ಸಾಲಿನಲ್ಲಿ ತುಳಿಯುತ್ತಿದ್ದರು. ತುಂಡಿನೊಳಗಿನ ರಸವೇ ಮೊಳಕೆಗೆ ಮೊದಲ ಬುತ್ತಿ. ಹುಟ್ಟಿದ ಜಾಗದಲ್ಲೇ ಅದು ಬೆಳೆಯುತ್ತಿತ್ತು. ಈಗ ಒಂದೇ ಕಣ್ಣು ಕತ್ತರಿಸಿ, ಟ್ರೇದಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಶೇಡ್‌ನೆಟ್ ನೆರಳಲ್ಲಿ ತಿಂಗಳು ಬೆಳೆಸುತ್ತಾರೆ. ಎಕರೆಗೆ ಟನ್‌ಗಟ್ಟಲೆ ಬೀಜದ ಕಬ್ಬು ಉಳಿಯುತ್ತದೆ, ನಿಜ. ಆದರೆ ಈ ಅಗಿಯ ಬುತ್ತಿ ಸಣ್ಣದು, ಪ್ರಯಾಣ ದೊಡ್ಡದು. ನೆರಳಲ್ಲಿ ಬೆಳೆದ ಕೂಸನ್ನು ಒಮ್ಮೆಲೆ ಬಿಸಿಲಿಗೆ ನಿಲ್ಲಿಸಿದ ಹಾಗೆ.

ಆ ಕಾಕಾನ ಹೊಲದಲ್ಲಿ ನಾಲ್ಕಾರು ಅಗಿ ಕಿತ್ತು ನೋಡಿದೆವು. ಹಳದಿ ಬಣ್ಣ ಒಂದೇ, ಕಾರಣ ಬೇರೆ ಬೇರೆ.

ತಗ್ಗಿನ ಕಡೆ ಬೇರು ಕಪ್ಪಾಗಿ ನಾರುತ್ತಿತ್ತು. ಅದು ನೀರು ನಿಂತು ಬೇರಿಗೆ ಉಸಿರು ಕಟ್ಟಿದ್ದು. ಅಲ್ಲಿ ಬೇಕಾದದ್ದು ಗೊಬ್ಬರ ಅಲ್ಲ, ನೀರು ಹೊರಹೋಗಲು ಬಸಿಗಾಲುವೆ.

ಏರಿನ ಕಡೆ ಬೇರು ಬೆಳ್ಳಗೆ ಚಲೋ ಇತ್ತು. ಆದರೆ ಹೊಸ ಎಲೆ ತಿಳಿ ಹಳದಿ, ನರ ಮಾತ್ರ ಹಸಿರು. ಸುಣ್ಣದ ಅಂಶ ಹೆಚ್ಚಿರುವ ನೆಲದಲ್ಲಿ ಕಬ್ಬಿಗೆ ಕಬ್ಬಿಣ ಸಿಗದಾಗ ಹೀಗಾಗುತ್ತದೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಹೊತ್ತು ಸಿಂಪಡಿಸಿ, ವಾರ-ಹತ್ತು ದಿನಕ್ಕೆ ಮತ್ತೊಮ್ಮೆ ಸಿಂಪಡಿಸಿದರೆ ಹಸಿರು ತಿರುಗುತ್ತದೆ.

ಇನ್ನು ಕೆಲವು ಅಗಿಯ ಹಳೆ ಎಲೆ ಒಣಗಿತ್ತು, ಸುಳಿ ಹಸಿರಾಗಿತ್ತು. ಅವು ಬರೀ ಬಿಸಿಲಿಗೆ ಬೆದರಿದವು. ಹಗುರ ನೀರು ಕೊಟ್ಟು ತಾಳ್ಮೆಯಿಂದ ಇದ್ದರೆ ಚೇತರಿಸುತ್ತವೆ. ಹಚ್ಚುವ ಮೊದಲು ನಾಲ್ಕಾರು ದಿನ ಟ್ರೇಗಳನ್ನು ಬಿಸಿಲಿಗಿಟ್ಟು, ನೀರು ಕಡಿಮೆ ಮಾಡಿ, ಎಲೆ ತುದಿ ಕತ್ತರಿಸಿದ್ದರೆ ಇಷ್ಟು ಬಾಡುತ್ತಿರಲಿಲ್ಲ.

ಆಮೇಲೆ ಕಾಕಾ ನಮ್ಮನ್ನು ಆಚೆ ಪಟ್ಟಿಗೆ ಕರೆದೊಯ್ದರು. ಅದೇ ತಾಯಿಕಬ್ಬಿನ ಅಗಿ, ಹಚ್ಚಿ ಮೂರು ತಿಂಗಳಾಗಿತ್ತು. ಅಲ್ಲೊಂದು ಇಲ್ಲೊಂದು ಬುಡದಲ್ಲಿ ಹುಲ್ಲಿನಂಥ ಸಣಕಲು ಮರಿಗಳು, ಎಲೆ ಬಿಳಚಿಕೊಂಡಿದ್ದವು. ಇದು ಹುಲ್ಲುಮರಿ ರೋಗ. ಇದಕ್ಕೆ ಹೊಲದಲ್ಲಿ ಔಷಧ ಇಲ್ಲ. ಬುಡಸಮೇತ ಕಿತ್ತು ಸುಡಬೇಕು, ಆ ಪಟ್ಟಿಯಿಂದ ಮತ್ತೆ ಬೀಜ ತೆಗೆಯಬಾರದು. ಜಾವಾದವರು ಕಲಿತ ಪಾಠ ಇಲ್ಲೂ ಅದೇ: ರೋಗ ಬಂದದ್ದು ಹೊಲದಿಂದಲ್ಲ, ತಾಯಿಯಿಂದ. ಹೀಗಾಗೇ ಒಳ್ಳೆಯ ಬೀಜದ ತೋಟದವರು ತುಂಡುಗಳನ್ನು 50 ಡಿಗ್ರಿ ಬಿಸಿನೀರಿನಲ್ಲಿ 2 ತಾಸು ಇಟ್ಟು, ಆಮೇಲೆ ಬೆಳೆಸುತ್ತಾರೆ.

ಕಬ್ಬು ಒಂದು ಹಂಗಾಮಿನ ಬೆಳೆ ಅಲ್ಲ. ಹಚ್ಚಿದ್ದು ಒಂದು ವರ್ಷ, ಮೇಲೆ ಎರಡು ಕುಳೆ ಅಂದರೆ ಮೂರು ವರ್ಷ. ತಪ್ಪು ಅಗಿ ಬಂದರೆ ಮೂರೂ ವರ್ಷದ ಸಾಲ ತಲೆಮೇಲೆ. ಆದ್ದರಿಂದ ನರ್ಸರಿಗೆ ಹೋದಾಗ ಅಗಿಗೆ ಎಷ್ಟು ರೊಕ್ಕ ಅನ್ನುವ ಮೊದಲು ಇನ್ನೊಂದು ಮಾತು ಕೇಳಿ: "ಇದರ ತಾಯಿಕಬ್ಬು ಯಾವ ಹೊಲದ್ದು? ನಾವು ನೋಡಬಹುದಾ?" ತೋರಿಸಿದರೆ ಹೋಗಿ ನೋಡಿ. ತೋರಿಸದಿದ್ದರೆ ಮುಂದಿನ ನರ್ಸರಿಗೆ ನಡೆಯಿರಿ.

ಕಾಕಾ ಆವತ್ತು ಯೂರಿಯಾ ಚೀಲ ಕಟ್ಟಿಟ್ಟು ಗುದ್ದಲಿ ಹಿಡಿದು ತಗ್ಗಿನ ಕಡೆ ನಡೆದರು. ನಾವೂ ಒಂದು ತಾಸು ಕೈ ಹಚ್ಚಿದೆವು.