ಬಾಣಂತಿ ಕೋಣೆಯ ಹೊಗೆ ಮತ್ತು ಪ್ಯಾರಿಸ್ಸಿನ ಬಾಟಲಿ

ಇವತ್ತಿನ ಸಂಚಿಕೆ ವಾಸನೆಯ ಇತಿಹಾಸದ ಬಗ್ಗೆ. ಆಡಿಯೋದಲ್ಲಿ ವಾಸನೆ ಕಳಿಸೋಕಾಗಲ್ಲ, ಅದು ನನಗೂ ಗೊತ್ತು. ಹಾಗಾಗಿ ಸ್ವಲ್ಪ ಕೆಲಸ ನಿಮ್ಮ ನೆನಪಿಗೂ ಇದೆ.

ಕಳೆದ ವರ್ಷ ಬೆಂಗಳೂರಿನ ಒಂದು ಮಾಲ್‌ನಲ್ಲಿ ಸುಮ್ಮನೆ ಸುತ್ತುತ್ತಿದ್ದೆ. ಸುಗಂಧದ ಕೌಂಟರ್‌ನಲ್ಲಿದ್ದ ಹುಡುಗಿ ಒಂದು ಕಾಗದದ ಪಟ್ಟಿಗೆ ಸ್ಪ್ರೇ ಮಾಡಿ ಕೈಗೆ ಕೊಟ್ಟಳು. "ಇದು ಓರಿಯೆಂಟಲ್ ಮೇಡಂ. ಸ್ಮೋಕಿ, ವಾರ್ಮ್, ತುಂಬಾ ಸೆನ್ಶುಯಲ್" ಅಂದಳು. ಮೂಸಿದೆ. ಮೊದಲು ನಿಂಬೆಯ ಜಾತಿಯ ಏನೋ ಒಂದು ಹುಳಿ ಬಂದು ಹೋಯ್ತು. ಆಮೇಲೆ ಹೊಗೆ. ಆ ಹೊಗೆಯ ಹಿಂದೆ ಸಿಹಿ, ಅದರ ಕೆಳಗೆ ಹಾಲಿನ ಹಾಗೆ ನುಣ್ಣಗೆ ಶ್ರೀಗಂಧ. ದುಡ್ಡು ಎಣಿಸದೆ ಚಿಕ್ಕ ಬಾಟಲಿ ಒಂದನ್ನು ತಗೊಂಡೇಬಿಟ್ಟೆ.

ಗೌರಿ ಹಬ್ಬಕ್ಕೆ ಅದನ್ನೇ ಹಾಕಿಕೊಂಡು ಊರಿಗೆ ಹೋದೆ. ನಮ್ಮೂರು ಲಿಂಗದಹಳ್ಳಿ, ತರೀಕೆರೆ ತಾಲ್ಲೂಕು. ಕೆಮ್ಮಣ್ಣುಗುಂಡಿಗೆ ಬೈಕಲ್ಲಿ ಹೋದವರು ನಮ್ಮೂರ ಮೇಲೇ ಹೋಗಿರ್ತೀರಿ, ಬಹುಶಃ ಟೀ ಕುಡಿದು ಮರೆತಿರ್ತೀರಿ. ಮನೆಯೊಳಗೆ ಕಾಲಿಟ್ಟ ಕೂಡಲೇ ಅಜ್ಜಿ ಮೂಗು ಅರಳಿಸಿದರು.

"ಏನೇ ಇದು, ಬಾಣಂತಿ ಕೋಣೆಯಿಂದ ಎದ್ದು ಬಂದೋಳ ಥರ ವಾಸ್ನೆ ಬರ್ತಿದೆ ನಿನ್ ಮೈಯಿಂದ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಅನ್ನಿಸ್ತು, ಅಜ್ಜಿ ಹೇಳಿದ್ದು ಅಕ್ಷರಶಃ ಸರಿ. ನಮ್ಮ ಕಡೆ ಬಾಣಂತಿಗೆ ತಲೆಗೆ ನೀರು ಹಾಕಿದ ಮೇಲೆ ಅಗ್ಗಿಷ್ಟಿಕೆಯ ಕೆಂಡಕ್ಕೆ ಲೋಬಾನ ಉದುರಿಸಿ, ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಕೂದಲು ಹರಡುತ್ತಾರೆ. ಜೊತೆಗೆ ಓಮ, ಬೆಳ್ಳುಳ್ಳಿ ಸಿಪ್ಪೆ. ಆ ಕೋಣೆಯ ವಾಸನೆಯಿಂದ ಬೆಳ್ಳುಳ್ಳಿಯನ್ನು ತೆಗೆದು, ಗಂಧ ತೇಯ್ದ ಸಾಣೆಕಲ್ಲನ್ನು ಪಕ್ಕದಲ್ಲಿಟ್ಟರೆ ನನ್ನ ಬಾಟಲಿ ಸಿದ್ಧ!

ಇದು ತಮಾಷೆಗೆ ಹೇಳಿದ್ದಲ್ಲ, ಲೆಕ್ಕ ಹಾಕಿ ನೋಡಿ. ಪರ್ಫ್ಯೂಮ್ ಅನ್ನೋ ಪದವೇ ಲ್ಯಾಟಿನ್‌ನ 'ಪೆರ್ ಫೂಮುಮ್' ಅನ್ನೋದರಿಂದ ಬಂದದ್ದು. ಅದರ ಅರ್ಥ 'ಹೊಗೆಯ ಮೂಲಕ'. ಅಂದರೆ ಸ್ಪ್ರೇ ಬಾಟಲಿಗಿಂತ ಎಷ್ಟೋ ಮೊದಲು ಸುಗಂಧ ಅಂದರೆ ಧೂಪವೇ. ಇನ್ನು ಲೋಬಾನ. ಸುಮಾತ್ರಾ ಕಡೆಯ ಸ್ಟೈರಾಕ್ಸ್ ಮರದ ಅಂಟನ್ನು ಅರಬ್ ವ್ಯಾಪಾರಿಗಳು 'ಲುಬಾನ್ ಜಾವಿ' ಅಂತ ಕರೆದರು, ಜಾವಾದ ಲೋಬಾನ ಅಂತ. ಅದು ಯುರೋಪಿನವರ ನಾಲಿಗೆಯಲ್ಲಿ ಉರುಳಿ ಉರುಳಿ 'ಬೆಂಜೋಯಿನ್' ಆಯ್ತು. ಇವತ್ತು ದುಬಾರಿ ಸುಗಂಧಗಳ ಪದಾರ್ಥ ಪಟ್ಟಿಯಲ್ಲಿ ಬೆಂಜೋಯಿನ್ ಅಂತ ಓದಿದರೆ ಗಾಬರಿ ಬೇಡ, ಅದು ನಿಮ್ಮಜ್ಜಿಯ ಡಬ್ಬಿಯಲ್ಲಿದ್ದ ಸಾಂಬ್ರಾಣಿಯ ಮನೆತನದ್ದೇ.

'ಓರಿಯೆಂಟಲ್' ಅನ್ನೋ ಹಣೆಪಟ್ಟಿ ಮಾತ್ರ ನಮ್ಮದಲ್ಲ. ಅದು ಪ್ಯಾರಿಸ್ಸಿನ ಕನಸು. ಈ ಜಾತಿಯಲ್ಲಿ ಅತಿ ಪ್ರಸಿದ್ಧವಾದದ್ದು ಜಾಕ್ ಗೆರ್ಲೈನ್ 1925ರಲ್ಲಿ ಹೊರತಂದ 'ಶಾಲಿಮಾರ್'. ಹೆಸರು ಮೊಘಲರ ತೋಟದ್ದು. ವೆನಿಲ್ಲಾ, ಅಂಟುಗಳು, ಸ್ವಲ್ಪ ಹೊಗೆ, ಸ್ವಲ್ಪ ಚರ್ಮದ ವಾಸನೆ. ಪೂರ್ವ ದೇಶ ಅಂದರೆ ಅರೆಗತ್ತಲೆಯ ಅಂತಃಪುರ, ಅಲ್ಲಿ ಧೂಪ, ಅಲ್ಲಿ ಒರಗಿ ಕೂತ ಹೆಂಗಸರು ಅನ್ನೋ ಒಂದು ಚಿತ್ರವನ್ನು ಅವರು ಬಾಟಲಿಯಲ್ಲಿ ಮಾರಿದರು. ನಮ್ಮ ಅಂತಃಪುರದಲ್ಲಿ ಓಮ ಮತ್ತು ಬೆಳ್ಳುಳ್ಳಿ ಇತ್ತು ಅನ್ನೋದು ಅವರಿಗೆ ಗೊತ್ತಿರಲಿಲ್ಲ, ಪಾಪ.

ಹಾಗಂತ ನಮ್ಮವರು ವಾಸನೆಯನ್ನು ಬರೀ ದೇವರಿಗೂ ಬಾಣಂತಿಗೂ ಮೀಸಲಿಟ್ಟಿದ್ದರು ಅಂದುಕೊಂಡರೆ ಅದೂ ತಪ್ಪು. 1025ರ ಸುಮಾರಿಗೆ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಎರಡನೇ ಚಾವುಂಡರಾಯ 'ಲೋಕೋಪಕಾರ' ಅಂತ ಒಂದು ಪುಸ್ತಕ ಬರೆದ. ಸಂಸ್ಕೃತದಲ್ಲಲ್ಲ, ಕನ್ನಡದಲ್ಲಿ. ಬಾವಿ ಎಲ್ಲಿ ತೋಡಬೇಕು, ಗಿಡಕ್ಕೆ ರೋಗ ಬಂದರೆ ಏನು ಮಾಡಬೇಕು, ಅಡುಗೆ ಹೇಗೆ, ದನಕ್ಕೆ ಮದ್ದೇನು, ಎಲ್ಲಾ ಇದೆ. ಅವುಗಳ ಜೊತೆಗೇ ಸುಗಂಧ ತಯಾರಿಕೆಯೂ ಇದೆ. ನನಗೆ ಇದರಲ್ಲಿ ಖುಷಿ ಕೊಡೋದು ಆ ಸಾಲಿನಲ್ಲಿ ಕೂತಿರೋ ರೀತಿ. ಬಾವಿ, ಬೆಳೆ, ಸಾರು, ಸುಗಂಧ. ಬದುಕೋಕೆ ಬೇಕಾದದ್ದರ ಪಟ್ಟಿಯಲ್ಲಿ ಸುಗಂಧ ಇತ್ತು, ಚಿನ್ನದ ಕಪಾಟಿನಲ್ಲಿ ಅಲ್ಲ.

ಅದಾಗಿ ನೂರು ವರ್ಷಕ್ಕೆ ಅದೇ ವಂಶದ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಬರೆದ. ಇದು ಸಂಸ್ಕೃತ, ಇದು ರಾಜನ ಪುಸ್ತಕ. ರಾಜ ಅನುಭವಿಸಬೇಕಾದ 20 ಭೋಗಗಳನ್ನು ಎಣಿಸುತ್ತಾನೆ. ಮೈಗೆ ಗಂಧ ಹಚ್ಚಿಕೊಳ್ಳೋದು ಒಂದು ಭೋಗ, ವಿಲೇಪನ ಭೋಗ. ಧೂಪದ ಹೊಗೆ ತಗೊಳ್ಳೋದಕ್ಕೆ ಬೇರೆಯದೇ ಭೋಗ. ಹೊಗೆಯ ವಾಸನೆ ಇಷ್ಟಪಡೋದು ಭೋಗ ಅಂತ ನಮ್ಮ ರಾಜನೇ 900 ವರ್ಷದ ಹಿಂದೆ ಅಧ್ಯಾಯ ಬರೆದಿಟ್ಟಿದ್ದಾನೆ, ನಾವು ಕೌಂಟರ್ ಹುಡುಗಿಯಿಂದ ಇಂಗ್ಲಿಷಲ್ಲಿ ಕಲೀತಿದ್ದೀವಿ.

ದೇವರಿಗೂ ಇದೇ ಭೋಗ. ನಮ್ಮೂರಿಗೆ ಹತ್ತಿರದ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಸ್ಥಾನ ಇದೆಯಲ್ಲ, ಆ ಕಾಲದ ದಾನ ಶಾಸನಗಳಲ್ಲಿ 'ಅಂಗಭೋಗ, ರಂಗಭೋಗ' ಅನ್ನೋ ಮಾತು ಮತ್ತೆ ಮತ್ತೆ ಬರುತ್ತೆ. ರಂಗಭೋಗ ಅಂದರೆ ದೇವರ ಮುಂದಿನ ಹಾಡು ಕುಣಿತ. ಅಂಗಭೋಗ ಅಂದರೆ ದೇವರ ಮೈಗೆ ಸಲ್ಲಬೇಕಾದ್ದು: ಸ್ನಾನ, ಗಂಧ, ಹೂವು, ಧೂಪ. ನಮ್ಮ ಕಡೆಯ ದರ್ಗಾಗಳಲ್ಲೂ ಉರುಸ್ ಅಂದರೆ ಮೊದಲು ಗಂಧದ ಮೆರವಣಿಗೆ. ಮದುವೆಯ ಉರುಟಣೆಯಲ್ಲಿ ಗಂಡು ಹೆಣ್ಣು ನಾಚ್ಕೊಂಡು ಒಬ್ಬರ ಕೈಗೆ ಒಬ್ಬರು ಗಂಧ ಹಚ್ಚೋದನ್ನು ನೋಡಿದ್ದೀರಲ್ಲ? ಸೆನ್ಶುಯಲ್ ಅಂದರೆ ಅದೇ ಕಣ್ರಪ್ಪ. ನೆಂಟರೆಲ್ಲ ಸುತ್ತ ನಿಂತು ನಗ್ತಿರ್ತಾರೆ ಅಷ್ಟೇ.

ಇಷ್ಟೆಲ್ಲಾ ಇದ್ದ ಮೇಲೆ ಒಂದು ಪ್ರಶ್ನೆ. ನಮ್ಮ ಸೀಮೆ ಶ್ರೀಗಂಧದ ಸೀಮೆ. ಹಾಗಾದರೆ ನಮ್ಮ ಮನೆಯ ಹಿತ್ತಲಲ್ಲಿ ಒಂದೂ ಗಂಧದ ಮರ ಯಾಕಿರಲಿಲ್ಲ?

ಹಬ್ಬದ ಮಾರನೇ ದಿನ ಅಜ್ಜಿಯನ್ನೇ ಕೇಳಿದೆ. ಅವರು ಹೇಳಿದ್ದು: "ಬರ್ತಿತ್ತು ಕಣೇ. ಹಕ್ಕಿ ಹಣ್ಣು ತಿಂದು ಬೇಲೀಲಿ ಉದುರಿಸ್ತಿದ್ವು, ಮಳೆಗಾಲದಲ್ಲಿ ಏಳ್ತಿತ್ತು. ನಿಮ್ಮಜ್ಜ ಎರಡೆಲೆ ಕಂಡ ಕೂಡ್ಲೇ ಕಿತ್ತು ಬಿಸಾಕ್ತಿದ್ರು. ಅದು ಗಿಡ ಅಲ್ಲ, ಕೇಸು ಅನ್ನೋರು."

ಅದು ಗಿಡ ಅಲ್ಲ, ಕೇಸು! ಈ ಮಾತಿನ ಹಿಂದೆ ಇನ್ನೂರು ವರ್ಷದ ಕಥೆ ಇದೆ.

ಟಿಪ್ಪು ಸುಲ್ತಾನ್ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷ ಅಂತ ಘೋಷಿಸಿದ. ಮರ ಯಾರ ಜಮೀನಿನಲ್ಲಿ ಎದ್ದರೂ ಅದು ದೊರೆಯದು. ಟಿಪ್ಪು ಹೋದ, ಒಡೆಯರು ಬಂದರು, ಮಧ್ಯೆ ಬ್ರಿಟಿಷ್ ಕಮಿಷನರ್‌ಗಳು ಆಳಿದರು, ಮತ್ತೆ ಒಡೆಯರು, ಆಮೇಲೆ ಪ್ರಜಾಪ್ರಭುತ್ವ. ಎಲ್ಲರೂ ಹಿಂದಿನವರ ಎಷ್ಟೋ ಕಾನೂನು ಬದಲಾಯಿಸಿದರು, ಇದೊಂದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. ಕಡಿದ ಗಂಧವನ್ನು ಸರ್ಕಾರಿ ಕೋಠಿಗಳಿಗೆ ಸಾಗಿಸಿ, ವಿಂಗಡಿಸಿ, ಹರಾಜು ಹಾಕ್ತಿದ್ದರು. ಹಾಸನದಲ್ಲಿ 'ಗಂಧದ ಕೋಠಿ' ಅನ್ನೋ ಹೆಸರು ಇವತ್ತಿಗೂ ಉಳಿದಿದೆ. ವಿಂಗಡಣೆಯಲ್ಲಿ 18 ದರ್ಜೆ. ಮೊದಲನೇ ದರ್ಜೆಯ ಹೆಸರು 'ವಿಲಾಯತ್ ಬುಧ್', ಎರಡನೆಯದು 'ಚೀನಾ ಬುಧ್'. ಗಮನಿಸಿ, ಒಳ್ಳೇ ಮಾಲಿನ ಹೆಸರಿನಲ್ಲೇ ಅದು ಎಲ್ಲಿಗೆ ಹೋಗುತ್ತೆ ಅಂತ ಬರೆದಿದೆ. ಬೇಲಿಯಲ್ಲಿ ಮರ ಬೆಳೆದ ಮನೆಯ ಹೆಸರಿನ ದರ್ಜೆ ಇರಲಿಲ್ಲ.

ಮೊದಲ ಮಹಾಯುದ್ಧದ ತನಕ ನಾವು ಕೊರಡನ್ನೇ ಮಾರ್ತಿದ್ದೆವು, ಎಣ್ಣೆ ತೆಗೀತಿದ್ದದ್ದು ಯುರೋಪಿನಲ್ಲಿ, ಬಹುಪಾಲು ಜರ್ಮನಿಯಲ್ಲಿ. 1914ರಲ್ಲಿ ಯುದ್ಧ ಶುರುವಾಗಿ ಹಡಗು ನಿಂತು ಮೈಸೂರಿನ ಗೋದಾಮಿನಲ್ಲಿ ಗಂಧ ರಾಶಿ ಬಿತ್ತು. ದಿವಾನ್ ವಿಶ್ವೇಶ್ವರಯ್ಯ, ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಸೇರಿ ಇಲ್ಲೇ ಎಣ್ಣೆ ಬಟ್ಟಿ ಇಳಿಸೋದನ್ನು ಸಾಧಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಆಮೇಲೆ ಮೈಸೂರಿನಲ್ಲಿ ಕಾರ್ಖಾನೆ. 1918ರಲ್ಲಿ ಎಸ್. ಜಿ. ಶಾಸ್ತ್ರಿ ಅವರ ಕೈಯಲ್ಲಿ ಮೈಸೂರ್ ಸ್ಯಾಂಡಲ್ ಸೋಪು. 1944ರಲ್ಲಿ ನಮಗೆ ಹತ್ತಿರದ ಶಿವಮೊಗ್ಗದಲ್ಲೂ ಎಣ್ಣೆ ಕಾರ್ಖಾನೆ. ಸೋಪಿನ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ. ಗೊತ್ತಿಲ್ಲದ್ದು ಒಂದು ಹೇಳ್ತೀನಿ: ಪೆನಿಸಿಲಿನ್ ಬರೋಕೆ ಮುಂಚೆ ಗಂಧದೆಣ್ಣೆಗೆ ವಿದೇಶದಲ್ಲಿ ದೊಡ್ಡ ಗಿರಾಕಿ ಅಂದರೆ ಔಷಧದ ಅಂಗಡಿ. ಅದನ್ನು ಗೊನೊರಿಯಾ ಅನ್ನೋ ಲೈಂಗಿಕ ರೋಗಕ್ಕೆ ಕೊಡ್ತಿದ್ದರು. ಪ್ರೇಮಕ್ಕೆ ಮುಂಚೆಯೂ ಗಂಧ, ಪ್ರೇಮ ಎಡವಟ್ಟಾದ ಮೇಲೂ ಗಂಧ.

ಸರಿ, ಈಗ ಅಜ್ಜನ ಹಿತ್ತಲಿಗೆ ಬನ್ನಿ. ಗಂಧದ ಮರದ ಒಂದು ಸ್ವಭಾವ ಗೊತ್ತಿರಲಿ. ನಿಂತಿರೋ ಮರಕ್ಕೆ ಪರಿಮಳವೇ ಇಲ್ಲ. ಎಲೆ ಮೂಸಿ, ತೊಗಟೆ ಮೂಸಿ, ಏನೂ ಇಲ್ಲ. ವಾಸನೆ ಇರೋದು ಒಳಗಿನ ಚೇಗಿನಲ್ಲಿ, ಅತಿ ಹೆಚ್ಚು ಬೇರಿನಲ್ಲಿ. ಚೇಗು ಚೆನ್ನಾಗಿ ಬಲಿಯೋಕೆ ಇಪ್ಪತ್ತು ಮೂವತ್ತು ವರ್ಷ ಬೇಕು. ಅಷ್ಟು ವರ್ಷ ರೈತ ಕಾಯಬೇಕು. ಮರ ಅವನದಲ್ಲ. ಯಾರಾದರೂ ರಾತ್ರಿ ಬುಡಸಮೇತ ಎತ್ತಿಕೊಂಡು ಹೋದರೆ ಬೆಳಿಗ್ಗೆ ಉತ್ತರ ಹೇಳಬೇಕಾದವನು ಮಾತ್ರ ಅವನೇ. ನಮ್ಮಜ್ಜನಿಗೆ ಪಕ್ಕದ ತೋಟದಲ್ಲಿ ಇಂಥದ್ದೊಂದು ಆದದ್ದು ಗೊತ್ತಿತ್ತು. ಆ ತೋಟದ ಯಜಮಾನರು ಅಡಿಕೆ ಕೊಯ್ಲು ಬಿಟ್ಟು ತಿಂಗಳುಗಟ್ಟಲೆ ವಿಚಾರಣೆಗೆ ಅಲೆದರಂತೆ. ಅದನ್ನು ನೋಡಿದ ಮೇಲೆ ಎರಡೆಲೆಯಲ್ಲೇ ಕಿತ್ತು ಹಾಕೋದು ಜಾಣತನ ಅಲ್ವಾ? ಇದು ನಮ್ಮಜ್ಜ ಒಬ್ಬರ ಕಥೆಯಲ್ಲ, ಗಂಧ ಬೆಳೆಯೋ ಸೀಮೆಯಲ್ಲೆಲ್ಲ ರೈತರು ಇದನ್ನೇ ಮಾಡಿದರು. 1973ರಲ್ಲಿ ಇಡೀ ನಾಡು ಥಿಯೇಟರಿನಲ್ಲಿ ಕೂತು ರಾಜ್‌ಕುಮಾರ್ ಅವರ 'ಗಂಧದ ಗುಡಿ' ನೋಡ್ತಿತ್ತು. ನಮ್ಮ ಬೇಲಿಯಲ್ಲಿ ಸಸಿ ಕೀಳೋ ಕೆಲಸ ನಡೀತಾನೇ ಇತ್ತು.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂತು. ಜಮೀನು ಯಾರದೋ ಗಂಧದ ಮರವೂ ಅವರದೇ ಅಂತಾಯ್ತು. ಕಡಿಯೋಕೆ, ಸಾಗಿಸೋಕೆ ಅನುಮತಿ ಈಗಲೂ ಬೇಕು, ಆದರೂ ಒಡೆತನ ರೈತನದು. ಅಷ್ಟರಲ್ಲಿ ಕಾಡಿನ ಗಂಧವನ್ನು ಕಳ್ಳಸಾಗಣೆ ಒಂದು ಕಡೆಯಿಂದ, 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗ ಇನ್ನೊಂದು ಕಡೆಯಿಂದ ತಿಂದಿದ್ದವು. 1998ರ ಹೊತ್ತಿಗೇ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಶ್ರೀಗಂಧ ಅಪಾಯದಲ್ಲಿರುವ ಮರ ಅಂತ ಸೇರಿಹೋಗಿತ್ತು.

ಆ ಖಾಲಿ ಜಾಗವನ್ನು ಬೇರೆಯವರು ತುಂಬಿದರು. 1989ರಲ್ಲಿ ಗೆರ್ಲೈನ್ ಮನೆಯವರು 'ಸಂಸಾರ' ಅಂತ ಗಂಧಮಯವಾದ ಸುಗಂಧ ತಂದಾಗಲೇ ಅದರಲ್ಲಿ ಅಸಲಿ ಗಂಧದೆಣ್ಣೆಯ ಜೊತೆ ಪ್ರಯೋಗಶಾಲೆಯ ಗಂಧವೂ ಇತ್ತು. ಕನೌಜಿನ ಅತ್ತರಿನವರು ಹೂವಿನ ಹಬೆಯನ್ನು ಹಿಡಿದಿಡೋಕೆ ಗಂಧದೆಣ್ಣೆ ಬಳಸ್ತಿದ್ದವರು, ಬೆಲೆ ತಾಳಲಾರದೆ ಎಷ್ಟೋ ಜನ ಪ್ಯಾರಾಫಿನ್ ಎಣ್ಣೆಗೆ ಇಳಿದರು. ಪಶ್ಚಿಮ ಆಸ್ಟ್ರೇಲಿಯಾದ ಕುನುನುರ್ರಾದಲ್ಲಿ ನಮ್ಮದೇ ಜಾತಿಯ ಗಂಧದ ದೊಡ್ಡ ದೊಡ್ಡ ತೋಟಗಳಿವೆ. ಅಲ್ಲಿ ಅದು ಬೆಳೆ, ಕೇಸಲ್ಲ. ನನ್ನ ಬಾಟಲಿಯಲ್ಲಿರೋ ಗಂಧ ಮೈಸೂರಿನದೋ, ಆಸ್ಟ್ರೇಲಿಯಾದ್ದೋ, ಯಾವುದೋ ಲ್ಯಾಬಿನದೋ, ಡಬ್ಬದ ಮೇಲೆ ಬರೆದಿಲ್ಲ. ಇನ್ನು 'ಓರಿಯೆಂಟಲ್' ಅನ್ನೋ ಪದವನ್ನು, ಅದು ಹಳೇ ವಸಾಹತು ಕಾಲದ ದೃಷ್ಟಿ ಅಂತ, ಸುಗಂಧಗಳ ಪ್ರಮುಖ ಕೋಶವೊಂದು 2021ರಲ್ಲಿ ಕೈಬಿಟ್ಟು 'ಆಂಬರ್' ಅಂತ ಮಾಡಿಕೊಂಡಿತು. ಒಳ್ಳೆಯದೇ. ಆದರೆ ನನಗೆ ಆ ಪದಕ್ಕಿಂತ ಅಜ್ಜ ಕಿತ್ತ ಸಸಿಗಳ ಲೆಕ್ಕ ಹೆಚ್ಚು ಕಾಡುತ್ತೆ.

ಇಂಥ ಸುಗಂಧ ಹಾಕಿಕೊಳ್ಳೋದು ಹೇಗೆ ಅಂತ ಕೇಳೋರು ಇದ್ದೇ ಇರ್ತೀರಿ, ಹೇಳಿಬಿಡ್ತೀನಿ. ಗಂಧ, ಲೋಬಾನ, ವೆನಿಲ್ಲಾ ಎಲ್ಲಾ ಭಾರದ ವಾಸನೆಗಳು, ನಿಧಾನವಾಗಿ ಆವಿಯಾಗ್ತವೆ. ಅಂಗಡಿಯ ಪಟ್ಟಿ ಮೂಸಿ ತೀರ್ಮಾನ ಮಾಡಬೇಡಿ. ಮೊಣಕೈ ಒಳಭಾಗಕ್ಕೆ ಒಂದೇ ಸಲ ಹಾಕಿ, ಉಜ್ಜಬೇಡಿ, ಅರ್ಧ ಗಂಟೆ ಬೇರೆ ಕೆಲಸ ನೋಡಿ. ಮೊದಲ ಹುಳಿ ಹೋದ ಮೇಲೆ ಉಳಿಯೋದೇ ನಿಜವಾದ ಸುಗಂಧ. ಏಪ್ರಿಲ್ ಬಿಸಿಲಲ್ಲಿ ತುಂಬಿದ ಬಸ್ಸಿಗೆ ಇದು ಬೇಡ, ಪಕ್ಕದವರಿಗೆ ಶಿಕ್ಷೆ. ಮಳೆ ಹಿಡಿದ ಸಂಜೆ, ಸ್ವಲ್ಪ ಚಳಿ, ಹತ್ತಿಯ ಬಟ್ಟೆ ಇದ್ದಾಗ ಹಾಕಿ. ಮಾರನೇ ದಿನ ಆ ಬಟ್ಟೆಯನ್ನು ಮೂಸಿ ನೋಡಿ, ಹೊಗೆ ಹೋಗಿ ಗಂಧ ಮಾತ್ರ ಉಳಿದಿರುತ್ತೆ.

ಈ ಸಲ ಊರಿನಿಂದ ಹೊರಡುವಾಗ ಅಪ್ಪ ಬೇಲಿಯ ಹತ್ತಿರ ಕರ್ಕೊಂಡು ಹೋಗಿ ತೋರಿಸಿದರು. ಮೊಣಕಾಲೆತ್ತರದ ಒಂದು ಗಂಧದ ಸಸಿ, ಪಕ್ಕದಲ್ಲಿ ಒಂದು ತೊಗರಿ ಗಿಡ. ಗಂಧ ಪಕ್ಕದ ಗಿಡದ ಬೇರಿಗೆ ಬೇರು ಹಾಕಿಯೇ ಬೆಳೆಯೋದು, ಅದಕ್ಕೆ ತೊಗರಿ. ಹಕ್ಕಿ ಹಾಕಿದ್ದಂತೆ, ಅಪ್ಪ ಕಿತ್ತಿಲ್ಲ. ಅಜ್ಜಿ ಮಾತ್ರ ದಿನಾ ಅದರ ಮೇಲೆ ತೆಂಗಿನ ಗರಿ ಮುಚ್ಚಿ ಬರ್ತಾರೆ, ದಾರಿಯಲ್ಲಿ ಹೋಗೋರಿಗೆ ಕಾಣಬಾರದು ಅಂತ.

ನಿಮ್ಮ ಮನೆಯ ಹಿತ್ತಲಲ್ಲೂ ಗಂಧದ ಸಸಿ ಕಿತ್ತ ಕಥೆ ಇದ್ದರೆ ಒಂದು ವಾಯ್ಸ್ ನೋಟ್ ಕಳಿಸಿ, ಅಜ್ಜಿ ತಾತಂದಿರ ದನಿಯಲ್ಲೇ ಇದ್ದರೆ ಇನ್ನೂ ಒಳ್ಳೇದು. ಮುಂದಿನ ವಾರ ಸಿಗೋಣ.