ಬಾಬಾಸಾಹೇಬರು ಓದಿದ ಕೊಲಂಬಿಯಾ: ದುಡ್ಡು ಎಲ್ಲಿಂದ ಬಂತು, ಜಾಗ ಯಾರದ್ದು ಹೋಯ್ತು?



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ, ಆದ್ರೆ ಪೂರ್ತಿ ಓದಿ.

ಪ್ರತಿ ವರ್ಷ ಏಪ್ರಿಲ್ 14ಕ್ಕೆ ನಮ್ಮ ಕೇರಿಗಳಲ್ಲಿ ಕಟ್ಟುವ ಫ್ಲೆಕ್ಸ್‌ಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಹೆಸರು ಇದ್ದೇ ಇರುತ್ತೆ. ವೇದಿಕೆ ಮೇಲೆ ನಾನೂ ಎಷ್ಟೋ ಸಲ ಆ ಹೆಸರನ್ನು ಎದೆ ಉಬ್ಬಿಸಿ ಹೇಳಿದ್ದೀನಿ. ಆದರೆ ಆ ವಿಶ್ವವಿದ್ಯಾಲಯ ಯಾರ ದುಡ್ಡಲ್ಲಿ ನಡೆಯುತ್ತೆ, ನ್ಯೂಯಾರ್ಕಿನಂಥ ಊರಲ್ಲಿ ಅಷ್ಟು ಜಾಗ ಅದಕ್ಕೆ ಹೇಗೆ ಬಂತು ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಕೇಳಿಸಿದ್ದು ನಮ್ಮ ಸಂಘದ ಒಬ್ಬ ಹುಡುಗಿ. ಹೋದ ತಿಂಗಳು ಫೋನ್ ಮಾಡಿ, "ಅಣ್ಣಾ, ಅಮೆರಿಕದ ಒಂದು ಖಾಸಗಿ ಯೂನಿವರ್ಸಿಟಿಲಿ ಎಂ.ಎ. ಸೀಟು ಸಿಕ್ಕಿದೆ. ಸ್ಕಾಲರ್‌ಶಿಪ್ ಇಲ್ಲ. ಬ್ಯಾಂಕ್ ಸಾಲಕ್ಕೆ ಮನೆ ಅಡ ಇಡೋಣ ಅಂತಿದಾರೆ ಅಪ್ಪ. ಬಾಬಾಸಾಹೇಬ್ರೂ ಹಂಗೇ ಹೋಗಿದ್ದಲ್ವಾ?" ಅಂದಳು.

ಬಾಬಾಸಾಹೇಬರು ಹಂಗೆ ಹೋಗಿದ್ದಲ್ಲ ಅನ್ನೋದು ನನಗೆ ಗೊತ್ತಿತ್ತು. ಆದರೆ ಅವಳಿಗೆ ಪೂರ್ತಿ ಉತ್ತರ ಕೊಡೋಕೆ ನಾನು ಓದಬೇಕಾಯ್ತು. ದಿನಾ ಕಚೇರಿಯಲ್ಲಿ ಜಮಾ-ಖರ್ಚು ಬರೆಯೋ ಗುಮಾಸ್ತ ನಾನು. ಹಾಗಾಗಿ ಕೊಲಂಬಿಯಾದ ಕಥೆಯನ್ನೂ ಲೆಕ್ಕದ ಪುಸ್ತಕದ ಥರವೇ ಓದಿದೆ.

ಶುರುವಾಗಿದ್ದು ಲಾಟರಿಯಿಂದ

1754ರಲ್ಲಿ ಇಂಗ್ಲೆಂಡಿನ ರಾಜ 2ನೇ ಜಾರ್ಜ್ ಹೆಸರಲ್ಲಿ ಸನ್ನದು ಪಡೆದು ಶುರುವಾದ ಈ ಕಾಲೇಜಿನ ಮೊದಲ ಹೆಸರು ಕಿಂಗ್ಸ್ ಕಾಲೇಜ್. ಮೊದಲ ತರಗತಿಯಲ್ಲಿದ್ದದ್ದು 8 ಜನ ಹುಡುಗರು. ಮೊದಲ ಬಂಡವಾಳಕ್ಕೆ 1746ರಿಂದಲೇ ಸರ್ಕಾರದ ಅನುಮತಿಯಲ್ಲಿ ಲಾಟರಿ ಎತ್ತಿದ್ದರು. ಜಾಗ ಕೊಟ್ಟಿದ್ದು ಟ್ರಿನಿಟಿ ಚರ್ಚ್. ಆಡಳಿತ ಮಂಡಳಿಯಲ್ಲಿ ಕೂತವರು ನ್ಯೂಯಾರ್ಕಿನ ದೊಡ್ಡ ವರ್ತಕರು. ಅವರಲ್ಲಿ ಗುಲಾಮರ ವ್ಯಾಪಾರದಲ್ಲಿ ಹಣ ಹಾಕಿದವರಿದ್ದರು.

ಇದು ನಾನು ಹೊರಿಸ್ತಿರೋ ಆರೋಪ ಅಲ್ಲ. ವಿಶ್ವವಿದ್ಯಾಲಯವೇ ಇತಿಹಾಸಕಾರ ಎರಿಕ್ ಫೋನರ್ ಅವರಿಂದ ವರದಿ ಬರೆಸಿ 2017ರಲ್ಲಿ ಹೊರಗಿಟ್ಟಿತು. ಮೊದಲ 10 ಅಧ್ಯಕ್ಷರಲ್ಲಿ ಕನಿಷ್ಠ ಅರ್ಧದಷ್ಟು ಜನ ಒಂದಲ್ಲ ಒಂದು ಕಾಲದಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವರು. 1773ರಲ್ಲಿ ಜಾರ್ಜ್ ವಾಷಿಂಗ್ಟನ್ ಅವರ ಮಲಮಗ ಓದೋಕೆ ಬಂದಾಗ ಜೊತೆಗೆ ಸೇವೆಗೆ ಅಂತ ಜೋ ಅನ್ನೋ ಒಬ್ಬ ಗುಲಾಮನನ್ನೂ ಕರೆತಂದಿದ್ದ. ಒಬ್ಬ ಕಲಿಯೋಕೆ ಬಂದ, ಇನ್ನೊಬ್ಬ ಅವನ ಬೂಟು ಒರೆಸೋಕೆ ಬಂದ. ನಮಗೆ ಈ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1784ರಲ್ಲಿ ರಾಜನ ಹೆಸರು ಹೋಗಿ ಕೊಲಂಬಿಯಾ ಅಂತ ಆಯ್ತು.

ಸರ್ಕಾರ ಕೊಟ್ಟ ತೋಟ

ಇದು ನನಗೆ ಬಹಳ ಇಷ್ಟವಾದ ಭಾಗ. 1801ರಲ್ಲಿ ಡೇವಿಡ್ ಹೊಸಾಕ್ ಅನ್ನೋ ವೈದ್ಯರು ಊರಾಚೆ ಸುಮಾರು 20 ಎಕರೆಯಲ್ಲಿ ಔಷಧಿ ಗಿಡಗಳ ತೋಟ ಮಾಡಿದರು. ಸಾಕೋಕೆ ಆಗದೆ ಸರ್ಕಾರಕ್ಕೆ ಮಾರಿದರು. 1814ರಲ್ಲಿ ಕೊಲಂಬಿಯಾದವರು ಹೋಗಿ ಸರ್ಕಾರದ ಹತ್ತಿರ ಹಣ ಕೇಳಿದಾಗ ಹಣದ ಬದಲು ಈ ಜಮೀನು ಸಿಕ್ಕಿತು. ಆಗ ಅವರಿಗೆ ಬೇಜಾರೇ ಆಗಿತ್ತು. ಊರಾಚೆಯ ಕಲ್ಲು ನೆಲ ತಗೊಂಡು ಏನು ಮಾಡೋದು?

ಊರು ಬೆಳೀತು. ಊರಾಚೆ ಇದ್ದದ್ದು ನಡು ಊರಾಯ್ತು. 1928ರಲ್ಲಿ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಆ ಜಾಗವನ್ನ ಗುತ್ತಿಗೆಗೆ ಪಡೆದರು, ರಾಕ್‌ಫೆಲರ್ ಸೆಂಟರ್ ಎದ್ದು ನಿಂತಿತು. ಕೊಲಂಬಿಯಾಕ್ಕೆ ಪ್ರತಿ ವರ್ಷ ಲಕ್ಷಾಂತರ ಡಾಲರ್ ನೆಲಬಾಡಿಗೆ ಬಂತು. ಕೊನೆಗೆ 1985ರಲ್ಲಿ ಆ ನೆಲವನ್ನ 40 ಕೋಟಿ ಡಾಲರ್‌ಗೆ ಮಾರಿದರು.

ಈ ಲೆಕ್ಕ ನೆನಪಿಟ್ಟುಕೊಳ್ಳಿ. ಸಾರ್ವಜನಿಕರ ಆಸ್ತಿ ಖಾಸಗಿ ಸಂಸ್ಥೆಗೆ ಪುಕ್ಕಟೆ ಹೋಯ್ತು, 170 ವರ್ಷ ಅದನ್ನ ಸಾಕಿತು. ಇಷ್ಟಾದರೂ ಅದನ್ನ "ಖಾಸಗಿ" ಅಂತಲೇ ಕರೀತೀವಿ. ದಲಿತರ ಮಕ್ಕಳಿಗೆ ಮೂರೂವರೆ ಸಾವಿರ ಸ್ಕಾಲರ್‌ಶಿಪ್ ಬಂದ್ರೆ ಮಾತ್ರ "ಸರ್ಕಾರದ ದುಡ್ಡು ತಿಂತಾರೆ" ಅನ್ನೋ ಮಾತು ಬರುತ್ತೆ.

ಬಾಬಾಸಾಹೇಬರು ಬಂದಾಗ

ಈಗಿನ ಕ್ಯಾಂಪಸ್ಸು ಮಾರ್ನಿಂಗ್‌ಸೈಡ್ ಹೈಟ್ಸ್ ಅನ್ನೋ ದಿಬ್ಬದ ಮೇಲಿದೆ. ಅಲ್ಲಿ ಮೊದಲು ಮಾನಸಿಕ ರೋಗಿಗಳ ಆಸ್ಪತ್ರೆ ಇತ್ತು. 1892ರಲ್ಲಿ ಜಾಗ ಖರೀದಿಯಾಯ್ತು, ವಿಶ್ವವಿದ್ಯಾಲಯ ಅಲ್ಲಿಗೆ ಬಂದದ್ದು 1897ರಲ್ಲಿ. ಆಗ ಅಧ್ಯಕ್ಷರಾಗಿದ್ದ ಸೇತ್ ಲೋ ತಮ್ಮ ತಂದೆಯ ನೆನಪಿಗೆ ಸ್ವಂತದ 10 ಲಕ್ಷ ಡಾಲರ್ ಹಾಕಿ ಲೈಬ್ರರಿ ಕಟ್ಟಿಸಿದರು. ಲೋ ಲೈಬ್ರರಿ ಅಂದ್ರೆ ಅದೇ.

1913ರಲ್ಲಿ ಬಾಬಾಸಾಹೇಬರು ಬಂದಾಗ ಅದೇ ಮುಖ್ಯ ಗ್ರಂಥಾಲಯ. ಊಟ ಬಿಟ್ಟು ಅವರು ಓದಿದ್ದು ಆ ಕಟ್ಟಡದಲ್ಲಿ. ಕೆಲ ಕಾಲ ಅವರಿದ್ದದ್ದು ಲಿವಿಂಗ್‌ಸ್ಟನ್ ಹಾಲ್ ಅನ್ನೋ ಹಾಸ್ಟೆಲಿನಲ್ಲಿ. ಆ ಹೆಸರಿನ ಮನೆತನ ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನ. ಯಾರಿಗೆ ಒಂದು ಕಾಲದಲ್ಲಿ ಆ ಬಾಗಿಲು ಮುಚ್ಚಿತ್ತೋ ಅಂಥವರ ನೋವಿನ ದಾಯಾದಿ ಒಬ್ಬ ಆ ಕೋಣೆಯಲ್ಲಿ ಕೂತು ಓದಿದ. ಇತಿಹಾಸ ಒಮ್ಮೊಮ್ಮೆ ಹೀಗೂ ತಿರುಗುತ್ತೆ.

ಆದರೆ ಅವರನ್ನು ಅಲ್ಲಿಗೆ ಕಳಿಸಿದ ದುಡ್ಡು ಯಾವುದು? ಬ್ಯಾಂಕ್ ಸಾಲ ಅಲ್ಲ, ಮನೆ ಅಡ ಇಟ್ಟದ್ದಲ್ಲ. ಬರೋಡಾದ ಮಹಾರಾಜ 3ನೇ ಸಯಾಜಿರಾವ್ ಗಾಯಕವಾಡರು ಮೂರು ವರ್ಷಕ್ಕೆ ಮಂಜೂರು ಮಾಡಿದ ವಿದ್ಯಾರ್ಥಿವೇತನ, ತಿಂಗಳಿಗೆ ಹನ್ನೊಂದೂವರೆ ಪೌಂಡ್. ಓದಿ ಬಂದು ಹತ್ತು ವರ್ಷ ಬರೋಡಾ ಸೇವೆ ಮಾಡಬೇಕು ಅನ್ನೋ ಕರಾರಿತ್ತು. ಮಹಾರಾಜರ ದೊಡ್ಡತನಕ್ಕೆ ಕೈ ಮುಗಿಯೋಣ. ಜೊತೆಗೆ ಆ ಖಜಾನೆ ತುಂಬಿದ್ದು ಬರೋಡಾದ ರೈತರ ಕಂದಾಯದಿಂದ ಅನ್ನೋದನ್ನೂ ಮರೆಯಬಾರದು. ಸಾರ್ವಜನಿಕ ದುಡ್ಡು ಒಬ್ಬ ಮಹಾರ್ ಹುಡುಗನನ್ನು ನ್ಯೂಯಾರ್ಕಿಗೆ ಮುಟ್ಟಿಸಿತು.

ಅಲ್ಲಿ ಅವರು ಆರಿಸಿಕೊಂಡ ವಿಷಯವೂ ದುಡ್ಡಿನದೇ. 1915ರ ಎಂ.ಎ. ಪ್ರಬಂಧ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಬಗ್ಗೆ. ಪಿಎಚ್.ಡಿ. ಬ್ರಿಟಿಷ್ ಇಂಡಿಯಾದ ಪ್ರಾಂತೀಯ ಹಣಕಾಸಿನ ಬಗ್ಗೆ. ಗುರು ಎಡ್ವಿನ್ ಸೆಲಿಗ್‌ಮನ್, ಸಾರ್ವಜನಿಕ ಹಣಕಾಸಿನ ಪಂಡಿತರು. ಪುಸ್ತಕ 1925ರಲ್ಲಿ ಅಚ್ಚಾಗಿ ಅದಕ್ಕೆ ಮುನ್ನುಡಿ ಬರೆದವರೂ ಅವರೇ. ತೆರಿಗೆ ಯಾರಿಂದ ಬರುತ್ತೆ, ಯಾರ ಮೇಲೆ ಖರ್ಚಾಗುತ್ತೆ ಅಂತ ಕೇಳೋದನ್ನ ಬಾಬಾಸಾಹೇಬರು ಅಲ್ಲೇ ಕಲಿತರು. ನಾನು ಅದೇ ಪ್ರಶ್ನೆಯನ್ನ ಅವರು ಕಲಿತ ಜಾಗಕ್ಕೇ ಕೇಳ್ತಿದ್ದೀನಿ, ಅಷ್ಟೇ.

ಮೇಲಿನ ಬಾಗಿಲು, ಕೆಳಗಿನ ಬಾಗಿಲು

ದಿಬ್ಬದ ಮೇಲೆ ಕೊಲಂಬಿಯಾ, ದಿಬ್ಬದ ಕೆಳಗೆ ಕಪ್ಪು ಜನರ ಹಾರ್ಲೆಮ್. ನಡುವೆ ಇಳಿಜಾರಿನಲ್ಲಿ ಮಾರ್ನಿಂಗ್‌ಸೈಡ್ ಪಾರ್ಕ್. ಊರು ಮತ್ತು ಕೇರಿ, ನಡುವೆ ಒಂದು ಹಳ್ಳ ಅಂದ್ರೆ ನಮಗೆ ಬೇಗ ಅರ್ಥ ಆಗುತ್ತೆ.

1950-60ರ ದಶಕಗಳಲ್ಲಿ ವಿಶ್ವವಿದ್ಯಾಲಯ ಸುತ್ತಲಿನ ವಸತಿ ಕಟ್ಟಡಗಳನ್ನು ಒಂದೊಂದಾಗಿ ಕೊಂಡಿತು. ಬಾಡಿಗೆಗಿದ್ದ ಸಾವಿರಾರು ಜನ ಖಾಲಿ ಮಾಡಬೇಕಾಯ್ತು, ಅವರಲ್ಲಿ ಬಹುಪಾಲು ಕಪ್ಪು ಮತ್ತು ಪೋರ್ಟೊರಿಕೊ ಮೂಲದ ಬಡವರು. ಅದು ಸಾಲದು ಅಂತ ಸಾರ್ವಜನಿಕ ಪಾರ್ಕಿನಲ್ಲೇ 2 ಎಕರೆ ಜಾಗವನ್ನ ನಗರದಿಂದ ವರ್ಷಕ್ಕೆ 3000 ಡಾಲರ್ ಬಾಡಿಗೆಗೆ ಪಡೆದು ಜಿಮ್ ಕಟ್ಟೋಕೆ ಹೊರಟರು.

ಆ ಕಟ್ಟಡದ ನಕ್ಷೆ ಹೇಗಿತ್ತು ಗೊತ್ತಾ? ದಿಬ್ಬದ ಮೇಲಿನ ಬಾಗಿಲು ವಿದ್ಯಾರ್ಥಿಗಳಿಗೆ. ಕೆಳಗಿನ ಬಾಗಿಲು ಹಾರ್ಲೆಮ್ಮಿನ ಜನಕ್ಕೆ, ಅವರಿಗೆ ಒಳಗೆ ಸಿಗ್ತಿದ್ದದ್ದು ಸಣ್ಣ ಪಾಲು. ಇದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮೂರ ಹೋಟೆಲಿನ ಹಿಂಬಾಗಿಲು, ಗೋಡೆ ಸಂದಿಯಲ್ಲಿ ಬೇರೆ ಇಟ್ಟಿರ್ತಿದ್ದ ಲೋಟ.

ಹಾರ್ಲೆಮ್ ಸುಮ್ಮನೆ ಕೂರಲಿಲ್ಲ. 1968ರ ಏಪ್ರಿಲ್ 23ರಂದು ವಿದ್ಯಾರ್ಥಿಗಳು ಎದ್ದರು. ಡಾ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಮೂರು ವಾರವೂ ಆಗಿರಲಿಲ್ಲ. ಕಪ್ಪು ವಿದ್ಯಾರ್ಥಿಗಳು ಹ್ಯಾಮಿಲ್ಟನ್ ಹಾಲ್ ಹಿಡಿದು ಕೂತರು. ವಿಯೆಟ್ನಾಂ ಯುದ್ಧ ವಿರೋಧಿಸ್ತಿದ್ದ ಬಿಳಿ ವಿದ್ಯಾರ್ಥಿಗಳು ಬೇರೆ ಕಟ್ಟಡಗಳನ್ನು ಹಿಡಿದರು. ಏಪ್ರಿಲ್ 30ರ ಬೆಳಗಿನ ಜಾವ ಪೊಲೀಸರು ನುಗ್ಗಿ ಸುಮಾರು 700 ಜನರನ್ನ ಬಂಧಿಸಿದರು. ಏಟೂ ಬಿತ್ತು, ಜೈಲೂ ಆಯ್ತು. ಆದರೆ ಜಿಮ್ ಕೆಲಸ ನಿಂತುಹೋಯ್ತು. ಅದಕ್ಕೆ ತೋಡಿದ್ದ ಗುಂಡಿ ಇವತ್ತು ಪಾರ್ಕಿನಲ್ಲಿ ಕೊಳವಾಗಿದೆ.

ಮತ್ತೆ ಹಾರ್ಲೆಮ್ ಕಡೆಗೆ

ನೆಲದ ಹಸಿವು ಅಲ್ಲಿಗೆ ನಿಲ್ಲಲಿಲ್ಲ. 2003ರಲ್ಲಿ ಅಧ್ಯಕ್ಷ ಲೀ ಬೋಲಿಂಜರ್ ಕಾಲದಲ್ಲಿ ಪಶ್ಚಿಮ ಹಾರ್ಲೆಮ್ಮಿನ ಮ್ಯಾನ್‌ಹ್ಯಾಟನ್‌ವಿಲ್‌ನಲ್ಲಿ 17 ಎಕರೆಯ ಹೊಸ ಕ್ಯಾಂಪಸ್ ಘೋಷಣೆಯಾಯ್ತು. ಅಂದಾಜು ವೆಚ್ಚ 630 ಕೋಟಿ ಡಾಲರ್. ಬಹುತೇಕ ಜಾಗವನ್ನ ವಿಶ್ವವಿದ್ಯಾಲಯ ಕೊಂಡಿತು. ಮಾರೋಲ್ಲ ಅಂದವರಲ್ಲಿ ಒಬ್ಬ ಗೋದಾಮು ಮಾಲೀಕ, ಜೊತೆಗೆ ಭಾರತ ಮೂಲದ ಒಂದು ಕುಟುಂಬದ ಪೆಟ್ರೋಲ್ ಬಂಕ್.

2008ರಲ್ಲಿ ರಾಜ್ಯದ ಸಂಸ್ಥೆ ಆ ಪ್ರದೇಶವನ್ನ "ಹಾಳುಬಿದ್ದ ಪ್ರದೇಶ" ಅಂತ ಘೋಷಿಸಿ ಭೂಸ್ವಾಧೀನಕ್ಕೆ ದಾರಿ ಮಾಡಿತು. ಕಟ್ಟಡಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ಯಾರ ಕೈಯಲ್ಲಿದ್ದವು? ಕೊಲಂಬಿಯಾದ್ದೇ. 2009ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಮಾಲೀಕರ ಪರ ತೀರ್ಪು ಕೊಟ್ಟಿತು. 2010ರ ಜೂನಿನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನ ತಿರುಗಿಸಿತು. ಖಾಸಗಿ ವಿಶ್ವವಿದ್ಯಾಲಯದ ಕ್ಯಾಂಪಸ್ಸೂ "ಸಾರ್ವಜನಿಕ ಉದ್ದೇಶ" ಅಂತಾಯ್ತು.

ಆದರೆ ಈ ಸಲ ಹಾರ್ಲೆಮ್ ಬರಿಗೈಲಿ ಬಿಡಲಿಲ್ಲ. ವರ್ಷಗಟ್ಟಲೆ ಸಭೆ, ಜಗಳ, ಪ್ರತಿಭಟನೆಯ ನಂತರ 2009ರಲ್ಲಿ 15 ಕೋಟಿ ಡಾಲರ್‌ಗಳ ಸಮುದಾಯ ಒಪ್ಪಂದಕ್ಕೆ ಸಹಿ ಬಿತ್ತು. ವಸತಿ, ಶಾಲೆ, ಉದ್ಯೋಗದ ಬಾಬ್ತು. ಸಾಲದು ಅನ್ನೋರು ಇದ್ದಾರೆ, ನಿಜ. ಆದ್ರೂ ಬಾಯಿ ಮಾತಲ್ಲ, ಕಾಗದದ ಮೇಲಿನ ಒಪ್ಪಂದ.

ಈಗಿನ ಜಮಾ-ಖರ್ಚು

ಈಗ ಗುಮಾಸ್ತನ ಕೆಲಸ. ಕೊಲಂಬಿಯಾದ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತೆ. 2024ರ ವರ್ಷದ ಆದಾಯ 600 ಕೋಟಿ ಡಾಲರ್ ಮೀರಿದೆ. ಅದೆಲ್ಲ ಫೀಸು ಅಂದ್ಕೋಬೇಡಿ. ಅದರ ವೈದ್ಯರು ರೋಗಿಗಳಿಗೆ ಚಿಕಿತ್ಸೆ ಕೊಟ್ಟು ಬರುವ ಹಣ ಬಹಳ ದೊಡ್ಡ ಬಾಬ್ತು. ಕೇಂದ್ರ ಸರ್ಕಾರದ ಸಂಶೋಧನಾ ಅನುದಾನವೇ 100 ಕೋಟಿ ಡಾಲರ್‌ಗೂ ಹೆಚ್ಚು. ಇದರ ಮೇಲೆ ದತ್ತಿ ನಿಧಿ 2024ರಲ್ಲಿ ಸುಮಾರು 1480 ಕೋಟಿ ಡಾಲರ್ ಇತ್ತು. ದತ್ತಿ ನಿಧಿಯ ಅಸಲು ಮುಟ್ಟೋ ಹಾಗಿಲ್ಲ, ಅದರ ಉತ್ಪತ್ತಿಯಲ್ಲಿ ಒಂದು ಪಾಲನ್ನ ಪ್ರತಿ ವರ್ಷ ಖರ್ಚಿಗೆ ತೆಗೀತಾರೆ. ಬಹುಪಾಲು ದಾನ ಇಂಥದ್ದಕ್ಕೇ ಅಂತ ಷರತ್ತು ಹಾಕಿ ಕೊಟ್ಟದ್ದು.

ದಾನ ಎತ್ತೋದರಲ್ಲಿ ಅವರು ಪಳಗಿದವರು. 2013ರಲ್ಲಿ ಮುಗಿದ ಒಂದು ಅಭಿಯಾನದಲ್ಲೇ 610 ಕೋಟಿ ಡಾಲರ್ ಕೂಡಿತು. ಜರ್ಮನಿಯಿಂದ ವಲಸೆ ಬಂದು ಸ್ಕಾಲರ್‌ಶಿಪ್ಪಿನಲ್ಲಿ ಓದಿ 1937ರಲ್ಲಿ ಪದವಿ ಪಡೆದ ಜಾನ್ ಕ್ಲೂಗೆ, ಮುಂದೆ ದೊಡ್ಡ ಶ್ರೀಮಂತರಾಗಿ 2007ರಲ್ಲಿ 40 ಕೋಟಿ ಡಾಲರ್ ಘೋಷಿಸಿದರು. ಪೂರ್ತಿ ವಿದ್ಯಾರ್ಥಿವೇತನಕ್ಕೆ. ಏರಿದ ಏಣಿಯನ್ನ ಹಿಂದೆ ಬರುವವರಿಗೆ ಬಿಟ್ಟುಹೋದ ಮನುಷ್ಯ. ನಮ್ಮಲ್ಲಿ ಓದಿ ಮೇಲೆ ಹೋದವರು ಇದನ್ನ ಎರಡು ಸಲ ಓದಬೇಕು.

ಇನ್ನೊಂದು ಪುಟ ನೋಡಿ. ಆಸ್ತಿಗಳ ಸಂಖ್ಯೆಯಲ್ಲಿ ಕೊಲಂಬಿಯಾ ನ್ಯೂಯಾರ್ಕ್ ನಗರದ ಅತಿ ದೊಡ್ಡ ಖಾಸಗಿ ಭೂಮಾಲೀಕ. ವಿನಾಯಿತಿಯಿಂದ ಅದಕ್ಕೆ ಉಳಿಯುವ ಆಸ್ತಿ ತೆರಿಗೆ ವರ್ಷಕ್ಕೆ 18 ಕೋಟಿ ಡಾಲರ್‌ಗೂ ಹೆಚ್ಚು ಅಂತ 2023ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಹಾರ್ಲೆಮ್‌ಗೆ ಒಪ್ಪಂದದಲ್ಲಿ ಕೊಟ್ಟ ಒಟ್ಟು ಮೊತ್ತಕ್ಕಿಂತ ಒಂದೇ ವರ್ಷದ ಈ ಉಳಿತಾಯ ಜಾಸ್ತಿ.

ಇನ್ನು ನಮ್ಮ ಹುಡುಗಿಗೆ ಸಂಬಂಧಪಟ್ಟದ್ದು. ಪದವಿ ವಿದ್ಯಾರ್ಥಿಗೆ ಊಟ ವಸತಿ ಸೇರಿ ವರ್ಷಕ್ಕೆ 85 ಸಾವಿರ ಡಾಲರ್ ಮೇಲಾಗುತ್ತೆ, ಆದ್ರೆ ಅಲ್ಲಿನ ಬಡ ಮನೆಯ ಮಕ್ಕಳಿಗೆ ನೆರವು ಚೆನ್ನಾಗಿದೆ. ಮಾಸ್ಟರ್ಸ್ ಕೋರ್ಸುಗಳ ಕಥೆ ಬೇರೆ. ಅಲ್ಲಿನ ಸಿನಿಮಾ ಮಾಸ್ಟರ್ಸ್ ಮಾಡಿ ಸಾಲ ಪಡೆದವರ ನಡುಮಟ್ಟದ ಸಾಲವೇ 1 ಲಕ್ಷ 81 ಸಾವಿರ ಡಾಲರ್ ಅಂತ 2021ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬರೆಯಿತು. ಅಷ್ಟು ದೊಡ್ಡ ನಿಧಿಯ ಬಾಗಿಲಲ್ಲೇ ಈ ಸಾಲಗಾರರು ನಿಂತಿದ್ದಾರೆ.

ಬಾಬಾಸಾಹೇಬರು ಕಟ್ಟಿದ್ದು

ಕೊಲಂಬಿಯಾ 1952ರಲ್ಲಿ ಬಾಬಾಸಾಹೇಬರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರಿಗೂ ಅದರ ಮೇಲೆ ಪ್ರೀತಿ ಇತ್ತು. ನಾನು ಆ ಪ್ರೀತಿಗೆ ಕಲ್ಲು ಹೊಡೀತಿಲ್ಲ. ಅಲ್ಲಿಂದ ಅವರು ಏನು ತಂದರು ಅಂತ ನೋಡಿ. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದರು. 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಮುಂದೆ ಮಿಲಿಂದ ಅಂತ ಹೆಸರಾದ ಕಾಲೇಜು. ಇವೂ ಖಾಸಗಿ ಸಂಸ್ಥೆಗಳೇ. ಆದರೆ ಬಾಗಿಲು ಯಾರಿಗಾಗಿ ತೆರೆದಿತ್ತು ಅನ್ನೋದು ಮುಖ್ಯ. ಮರಾಠವಾಡದ ದಲಿತ ಕೇರಿಗಳ ಮೊದಲ ತಲೆಮಾರಿನ ಎಷ್ಟೋ ಪದವೀಧರರು, ಲೇಖಕರು ಮಿಲಿಂದದಿಂದ ಬಂದರು.

ನಮ್ಮಲ್ಲಿ ಈಗ ಖಾಸಗಿ ವಿಶ್ವವಿದ್ಯಾಲಯಗಳು ಒಂದರ ಹಿಂದೆ ಒಂದು ಬರ್ತಿವೆ. 2006ರಲ್ಲಿ ಜಾರಿಗೆ ಬಂದ ಸಂವಿಧಾನದ 93ನೇ ತಿದ್ದುಪಡಿ ಖಾಸಗಿ ಶಿಕ್ಷಣ ಸಂಸ್ಥೆಗಳಲ್ಲೂ ಮೀಸಲಾತಿಗೆ ದಾರಿ ತೆರೆಯಿತು, 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಖಾಸಗಿಯವರಿಗೆ ಅನ್ವಯಿಸೋ ಕಾನೂನನ್ನ ಮಾತ್ರ ಸಂಸತ್ತು ಮಾಡಿಲ್ಲ. ಹಾಗಿದ್ರೆ ನಾವು ಕೇಳಬೇಕಾದ್ದು ಇಷ್ಟು: ನಿಮ್ಮ ಜಾಗಕ್ಕೆ ಸರ್ಕಾರ ಎಷ್ಟು ರಿಯಾಯಿತಿ ಕೊಟ್ಟಿದೆ? ತೆರಿಗೆ ಎಷ್ಟು ಬಿಟ್ಟಿದೆ? ಅದಕ್ಕೆ ಬದಲಾಗಿ ನಮ್ಮ ಮಕ್ಕಳಿಗೆ ಎಷ್ಟು ಸೀಟು, ಎಷ್ಟು ವಿದ್ಯಾರ್ಥಿವೇತನ? ಇದು ಭಿಕ್ಷೆ ಅಲ್ಲ, ಲೆಕ್ಕ.

ಹುಡುಗಿಗೆ ನಾನು ಹೇಳಿದ್ದು: "ತಂಗಿ, ಮನೆ ಅಡ ಇಡಬೇಡಿ. ಸೀಟನ್ನ ಒಂದು ವರ್ಷ ಮುಂದಕ್ಕೆ ಹಾಕಿಕೊಡ್ತಾರಾ ಅಂತ ಪತ್ರ ಬರಿ. ಅಷ್ಟರಲ್ಲಿ ರಾಜ್ಯದ ಪ್ರಬುದ್ಧ ಯೋಜನೆಗೂ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕೋಣ. ಬಾಬಾಸಾಹೇಬರು ಹೋಗಿದ್ದು ಸಾರ್ವಜನಿಕ ದುಡ್ಡಿನಲ್ಲಿ, ಹಕ್ಕಿನಿಂದ ನೀನೂ ಹಂಗೇ ಹೋಗು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿಗದಿದ್ರೆ ಅಣ್ಣಾ?" ಅಂದಳು.

ಅದಕ್ಕೆ ನನ್ನೊಬ್ಬನ ಹತ್ತಿರ ಉತ್ತರ ಇಲ್ಲ. ಅದಕ್ಕೇ ಈ ಪೋಸ್ಟ್. ಕೆಲಸದಲ್ಲಿರೋ ನಮ್ಮವರು ತಿಂಗಳಿಗೆ ಇನ್ನೂರು ರೂಪಾಯಿ ತೆಗೆದಿಟ್ಟರೆ ನಮ್ಮದೇ ಒಂದು ಸಣ್ಣ ದತ್ತಿ ನಿಧಿ ಆಗಲ್ವಾ? ಅಸಲು ಮುಟ್ಟಬಾರದು, ಪ್ರತಿ ವರ್ಷ ಲೆಕ್ಕ ಎಲ್ಲರ ಮುಂದೆ ಓದಬೇಕು. ಬರೋ ಭಾನುವಾರ ಬೆಳಿಗ್ಗೆ 11ಕ್ಕೆ ಅಂಬೇಡ್ಕರ್ ಭವನದಲ್ಲಿ ಕೂತು ಮಾತಾಡೋಣ. ಲೆಕ್ಕದ ಪುಸ್ತಕ ನಾನು ತರ್ತೀನಿ.

ಜೈ ಭೀಮ್.